ಹೆಬ್ಬೆರಳ ಬಾಬತ್ತು

೧೩ ಜೂನ್ ೨೦೦೫, ಸೋಮವಾರ

ಇವತ್ತು ಹನ್ನೊಂದು ಹೆಬ್ಬೆರಳು. ಎಲ್ಲವೂ ಅಮೆರಿಕದವು. ಅಗಲ ಪಾದವನ್ನು ಕಿರಿದಾದ ಬೂಟಿಗೆ ತುರುಕುವುದು, ಬೆರಳ ಬುಡದಲ್ಲಿ ಮೂಳೆ ಗಂಟು ಕಟ್ಟಿಸಿಕೊಳ್ಳುವುದು, ಆಮೇಲೆ ಆಪರೇಷನ್. ಬನಿಯನ್ ಅಂತೆ ಆ ಗಂಟಿನ ಹೆಸರು. ಅದಕ್ಕೆ ಅಲ್ಲಿನ ವಿಮೆ ಕಂಪನಿ ದುಡ್ಡು ಬಿಚ್ಚಬೇಕಾದರೆ ಹಾಸನದ ಟೈರ್ ಅಂಗಡಿ ಮೇಲಿನ ಮಹಡಿಯಲ್ಲಿ ಕೂತು ನಾವು ಐದಂಕಿಯ ಕೋಡ್ ಹಾಕಬೇಕು. ಗಂಟನ್ನು ಬರೀ ಕೆತ್ತಿದ್ದರೆ ೨೮೨೯೦. ಮೂಳೆ ಕತ್ತರಿಸಿ ನೆಟ್ಟಗೆ ಕೂರಿಸಿದ್ದರೆ ೨೮೨೯೬, ದುಡ್ಡು ಜಾಸ್ತಿ. ಇದಕ್ಕೆ ಬುದ್ಧಿ ಬೇಕಿಲ್ಲ. ಆದ್ದರಿಂದಲೇ ಇಲ್ಲಿ ಒಂಬತ್ತು ಜನಕ್ಕೆ ಕೆಲಸ ಸಿಕ್ಕಿದೆ.

ಇಪ್ಪತ್ತಾರು ವರ್ಷ ಹೊಳೆನರಸೀಪುರದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಹೇಳಿದೆ. ಕಾಲೇಜು ಮುಚ್ಚಿತು. ಈಗ ನಾನು 'ಚೆಕರ್'. ಕೋಡರ್‌ಗಳು ಹಾಕಿದ್ದನ್ನು ನೋಡಿ, ತಿದ್ದಿ, ಕಳಿಸುವವನು. ಮಾಲೀಕ ಹಳೇಕೋಟೆಯ ಮೋಹನ್‌ಕುಮಾರ್, ನನ್ನದೇ ವಿದ್ಯಾರ್ಥಿ. ಕಪ್ಪೆಯ ಹೃದಯಕ್ಕೆ ನಾಲ್ಕು ಕೋಣೆ ಅಂತ ಎರಡು ವರ್ಷವೂ ಬರೆದು ಎರಡು ವರ್ಷವೂ ಫೇಲಾದವನು. ಈಗ ನನಗೆ ಸಂಬಳ ಕೊಡುತ್ತಾನೆ.

ಮನೆಯಾಕೆ ಗೋದಮ್ಮ ಸಾರು ಬಡಿಸುತ್ತಾ ಕೇಳಿದಳು: "ಇಷ್ಟು ಓದಿ ಕೊನೆಗೆ ಸಿಕ್ಕಿದ್ದು ಕಂಡೋರ ಕಾಲ್ಬೆರಳಾ?"

ಉಪ್ಪು ಕಮ್ಮಿ ಅಂದೆ.

೧೭ ಜೂನ್

ಹೊಸ ಕೋಡರ್ ಬಂದಿದ್ದಾಳೆ. ಮೇಘಶ್ರೀ, ದಂಡಿಗನಹಳ್ಳಿ. ಬಿ.ಎಸ್ಸಿ. ಸೆಕೆಂಡ್ ಕ್ಲಾಸ್. ಹೆಬ್ಬೆರಳಿಗೆ 'ಎಬ್ಬೆಳ್ಳು' ಅನ್ನುತ್ತಾಳೆ. ವಿಶ್ವವಿದ್ಯಾಲಯಗಳು ಯಾರಿಗೆ ಬೇಕಾದರೂ ಪದವಿ ಹಂಚುತ್ತಿವೆ.

ಮಧ್ಯಾಹ್ನ ಫೈಲ್ ಹಿಡಿದು ಬಂದಳು. "ಸಾ, ಇದ್ರಲ್ಲಿ ಒಂದ್ ಡೌಟು..."

"ಪ್ರಶ್ನೆ ಕೇಳೋಕೆ ಮೊದಲು ಹಕಾರ ಕಲಿ" ಅಂದೆ.

ಎಲ್ಲರೂ ನಕ್ಕರು. ತಲೆ ತಗ್ಗಿಸಿ ಹೋದಳು. ಇನ್ನು ಕೇಳಲಾರಳು. ಒಂದು ಪೀಡೆ ತೊಲಗಿತು.

೪ ಜುಲೈ

ಮೋಹನ್‌ಕುಮಾರ್ ಕ್ಯಾಬಿನ್ನಿಗೆ ಕರೆದ. ಅತಿ ಹೆಚ್ಚು ಫೈಲ್ ಕಳಿಸುವ ಪಾದದ ಡಾಕ್ಟರ್ ಒಬ್ಬನಿದ್ದಾನೆ. ಅವನಿಗೆ ಬರುವ ದುಡ್ಡು ಸಾಲದಂತೆ.

"ಮೇಷ್ಟ್ರೇ, ಆವಯ್ಯನ ಫೈಲೆಲ್ಲ ದೊಡ್ ಕೋಡ್ಗೇ ಓಗ್ಬೇಕು."

"ಗಂಟು ಕೆತ್ತಿದೆ ಅಂತ ಮಾತ್ರ ಬರೆದಿದ್ದಾನಲ್ಲಪ್ಪ."

"ಕೆತ್ತಿದ್ರೇನು, ಕತ್ರಿಸಿದ್ರೇನು? ಯಾವನ್ ನೋಡ್ತಾನೆ? ಆವಯ್ಯ ಕೈ ಬುಟ್ರೆ ಆಪೀಸ್ಗೆ ಬೀಗ ಕಣ್ರಿ."

ಮೂರ್ಖ. ಆದರೂ ತಿದ್ದಿದೆ. ಇವತ್ತು ನಾಲ್ಕು. ಆ ಡಾಕ್ಟರನ ಫೈಲೆಲ್ಲ ಬರುವುದು ಮೇಘಶ್ರೀಗೆ. ನಾಲ್ಕನ್ನೂ ಸರಿಯಾಗಿಯೇ ಹಾಕಿದ್ದಳು. ಅದೂ ಒಂದು ಆಶ್ಚರ್ಯ. ಚೆಕರನಿಗೆ ಬೇರೆ ಪಾಸ್‌ವರ್ಡ್ ಕೊಟ್ಟಿಲ್ಲ, ಕೋಡರ್‌ದ್ದೇ ಹಾಕಿ ತಿದ್ದಬೇಕು. ನಾನು ತಿದ್ದಿದರೂ ಕಂಪ್ಯೂಟರಿನಲ್ಲಿ ಅವಳ ಹೆಸರೇ ನಿಲ್ಲುತ್ತದೆ.

೧೨ ಆಗಸ್ಟ್

ಈಗ ಕೈ ತಾನೇ ಹೋಗುತ್ತದೆ. ಸೊನ್ನೆ ಅಳಿಸು, ಆರು ಒತ್ತು. ಎಷ್ಟಾಯಿತೋ. ದೂರದ ಯಾವುದೋ ವಿಮೆ ಕಂಪನಿ, ಯಾವುದೋ ದಪ್ಪ ಪಾದ. ನನಗೇನು?

೧೯ ಸೆಪ್ಟೆಂಬರ್, ಸೋಮವಾರ

ವಿಮೆ ಕಂಪನಿಯವರು ಹಿಡಿದರು. ಮೂವತ್ತನಾಲ್ಕು ಫೈಲ್. ಮೂಳೆ ಕತ್ತರಿಸಿದ್ದಕ್ಕೆ ಒಂದರಲ್ಲೂ ದಾಖಲೆ ಇಲ್ಲ. ವಿಚಾರಣೆ ಇದೆ.

ಮೋಹನ್‌ಕುಮಾರ್ ಹೆದರಿ ಬೆವರಿದ. ಹತ್ತು ನಿಮಿಷದಲ್ಲಿ ದಾರಿಯೂ ಸಿಕ್ಕಿತು. ಹೊಸ ಹುಡುಗಿ, ತಪ್ಪು ಮಾಡಿದಳು, ತೆಗೆದುಹಾಕಿದೆವು. ಊಟದ ಹೊತ್ತಿಗೆ ಮೇಘಶ್ರೀಯ ಕೆಲಸ ಹೋಯಿತು.

ಬ್ಯಾಗ್ ಹೆಗಲಿಗೇರಿಸಿಕೊಂಡು ನನ್ನ ಮೇಜಿನ ಹತ್ತಿರ ಬಂದಳು.

"ಸಾ, ನಾನ್ ಚಿಕ್ಕ್ ಕೋಡೇ ಆಕಿದ್ದೆ. ನೀವ್ ನೋಡಿದ್ರಲ್ವಾ?"

ಪರದೆ ನೋಡುತ್ತಾ "ವಿಚಾರಿಸೋಣ" ಅಂದೆ. ಎಂಥ ಸುಲಭದ ಮಾತು.

ನೂರು ಪುಟದ ನೋಟ್‌ಬುಕ್ ಒಂದನ್ನು ಮೇಜಿನ ಮೇಲಿಟ್ಟಳು. "ಎಲ್ಲಾ ಬರ್ದಿಟ್ಟಿವ್ನಿ ಸಾ. ಯಾರ್ಗ್ ಕೊಡ್ಬೇಕೋ ನಂಗ್ ತಿಳೀದು. ನೀವೇ ಕೊಟ್ಬುಡಿ."

ಕೊಡಲಿಲ್ಲ. ಊಟದ ಡಬ್ಬಿಯ ಕೆಳಗೆ ಹಾಕಿಕೊಂಡು ಮನೆಗೆ ಬಂದೆ.

೨೮ ಸೆಪ್ಟೆಂಬರ್

ಒಂಬತ್ತು ದಿನ ಚೀಲದಲ್ಲೇ ಇತ್ತು. ಬೆಳಿಗ್ಗೆ ಬಸ್ಸಿನಲ್ಲಿ ತೆರೆದೆ.

ಒಂದೊಂದು ಫೈಲಿಗೂ ಅರ್ಧ ಪುಟ. ಡಾಕ್ಟರ್ ಬರೆದದ್ದೇನು, ತಾನು ಯಾವ ಕೋಡ್ ಹಾಕಿದೆ, ಯಾಕೆ. ಒಂದು ಹಕಾರವೂ ತಪ್ಪಿಲ್ಲ. ನಾನು ತಿದ್ದಿದ ಕಡೆಯಲ್ಲೆಲ್ಲ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಒಂದೇ ಸಾಲು: 'ಸರ್ ತಿದ್ದಿದ್ದಾರೆ. ನನಗೆ ಗೊತ್ತಿಲ್ಲದ ನಿಯಮ ಇರಬೇಕು. ಕೇಳಬೇಕು.'

ಮೂವತ್ತನಾಲ್ಕು ಸಲ. ಕೇಳಬೇಕು, ಕೇಳಬೇಕು.

ಕಳ್ಳತನ ಅಂತ ಆ ಹುಡುಗಿಗೆ ಹೊಳೆದೇ ಇಲ್ಲ. ನನ್ನ ವಿದ್ಯೆ ಅಂದುಕೊಂಡಿದ್ದಳು!

ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದರು. ಕಂಡಕ್ಟರ್ ಬಂದು ಭುಜ ಮುಟ್ಟಿದ. "ಯಜಮಾನ್ರೇ, ಉಸಾರಾಗಿದ್ದೀರಾ?"

ಇಲ್ಲ ಅನ್ನಬೇಕಿತ್ತು.

೩ ಅಕ್ಟೋಬರ್, ಸಂಜೆ ೮

ಏಳಕ್ಕೆ ಅಮೆರಿಕದ ವಿಮೆ ಕಂಪನಿಯಿಂದ ವಿಚಾರಣೆಯ ಫೋನ್. ಇಂಗ್ಲಿಷ್ ಚೆನ್ನಾಗಿದೆ ಅಂತ ಮೋಹನ್‌ಕುಮಾರ್ ನನ್ನನ್ನೇ ಕೂರಿಸಿದ್ದ. ಓದಬೇಕಾದ್ದನ್ನು ತಾನೇ ಬರೆದುಕೊಟ್ಟಿದ್ದ. ಎರಡು ಸಾಲು, ಮೂರು ಕಾಗುಣಿತದ ತಪ್ಪು.

ಮೊದಲ ಸಾಲು ಓದಿದೆ. ಅನುಭವವಿಲ್ಲದ ಕಿರಿಯ ಕೋಡರ್ ಒಬ್ಬಳು... ಅಲ್ಲಿಗೆ ನಿಂತಿತು. ಕಾಗದ ಮಡಚಿದೆ.

"ಅವಳು ಸರಿಯಾಗಿಯೇ ಹಾಕಿದ್ದಳು. ಮೂವತ್ತನಾಲ್ಕನ್ನೂ ತಿದ್ದಿದವನು ನಾನು. ಮಾಲೀಕರು ಹೇಳಿದರು, ನಾನು ಮಾಡಿದೆ. ಅವಳು ಬರೆದಿಟ್ಟದ್ದು ನನ್ನ ಹತ್ತಿರ ಇದೆ, ಕಳಿಸುತ್ತೇನೆ."

ಆ ಕಡೆಯ ಹೆಂಗಸು ನಿಮ್ಮ ಹೆಸರು ಒಂದೊಂದೇ ಅಕ್ಷರ ಹೇಳಿ ಅಂದಳು. ಯೋಗಾನರಸಿಂಹ. ಇಂಗ್ಲಿಷಿನಲ್ಲಿ ಹದಿಮೂರು ಅಕ್ಷರ. ಇಷ್ಟು ಉದ್ದದ ಹೆಸರು ಯಾವನಿಗೆ ಬೇಕಿತ್ತು?

ಮೋಹನ್‌ಕುಮಾರ್ ಕೂಗಾಡುತ್ತಾನೆ ಅಂದುಕೊಂಡಿದ್ದೆ. ಕುಸಿದು ಕೂತ.

"ಏನ್ ಮೇಷ್ಟ್ರೇ, ಇಂಗ್ ಮಾಡ್ಬುಟ್ರಿ. ಇಷ್ಟ್ ಜನದ್ ಅನ್ನ ಕಿತ್ಕಂಡ್ರಲ್ಲ."

ಅದೂ ನಿಜ. ಫೇಲಾದವನೂ ಒಮ್ಮೊಮ್ಮೆ ಸರಿಯುತ್ತರ ಬರೆಯುತ್ತಾನೆ.

೨೪ ಅಕ್ಟೋಬರ್

ಆ ಡಾಕ್ಟರ್‌ನ ಫೈಲ್ ನಿಂತವು. ಐದು ಜನ ಮನೆಗೆ. ಮೊದಲನೆಯವನು ನಾನು. ಮೂರು ವಾರ ಜಗಲಿಯಲ್ಲಿ ಕೂತು, ದಾರಿಯಲ್ಲಿ ಹೋಗುವವರನ್ನೆಲ್ಲ ಮನಸ್ಸಿನಲ್ಲೇ ಬೈದೆ. ರುಚಿಸಲಿಲ್ಲ.

ಗೋದಮ್ಮ: "ಹೋಗಿ ಆ ಹುಡುಗೀನ ನೋಡ್ಕೊಂಡು ಬನ್ನಿ. ಡೈರಿಯಲ್ಲಿ ಗೀಚಿದ್ರೆ ಅವಳಿಗೆ ಕೇಳಿಸುತ್ತಾ?"

೩೦ ಅಕ್ಟೋಬರ್, ಭಾನುವಾರ

ಚನ್ನರಾಯಪಟ್ಟಣದಲ್ಲಿ ಬಸ್ ಬದಲಿಸಿ ದಂಡಿಗನಹಳ್ಳಿಗೆ ಹೋಗಿದ್ದೆ. ಮೇಘಶ್ರೀ ಚಾಪೆ ಹಾಕಿದಳು. ಚನ್ನರಾಯಪಟ್ಟಣದ ನರ್ಸಿಂಗ್ ಹೋಮಿನಲ್ಲಿ ಚೀಟಿ ಬರೆಯುವ ಕೆಲಸ ಸಿಕ್ಕಿದೆಯಂತೆ. ಸಂಬಳ ಅರ್ಧ.

"ವಿಮೆ ಕಂಪ್ನಿಯೋರು ಏಳುದ್ರು ಅಂತ ಮೋಹನಣ್ಣ ಮತ್ತೆ ಕರುದ್ರು ಸಾ. ಓಗ್ನಿಲ್ಲ. ನನ್ ಎಸ್ರಲ್ಲಿ ಇನ್ನೊಬ್ರು ಬರ್ಯೋ ಕಡೆ ನಂಗ್ ಬ್ಯಾಡ."

ಇಷ್ಟೇ. ಚುಚ್ಚಲಿಲ್ಲ. ಚುಚ್ಚಿದ್ದರೆ ಎದುರಿಸುವುದು ಗೊತ್ತಿತ್ತು.

ತಾಯಿ ಕಾಮಾಕ್ಷಮ್ಮ ಕಾಫಿ ತಂದುಕೊಟ್ಟು ಎದುರಿಗೆ ಕೂತರು.

"ಮೇಷ್ಟ್ರು ಬೋ ತಿಳ್ದೋರು ಅಂತ ಏಳ್ತಿದ್ಲು ಸಾ. ಕೆಲ್ಸ ಯಾಕ್ ಓಯ್ತು ಅಂದ್ರೆ ಮಾತ್ರ ಬಾಯೇ ಬುಡಕಿಲ್ಲ. ನೀವಾದ್ರೂ ಏಳಿ, ನಮ್ ಉಡ್ಗಿ ಏನ್ ತಪ್ ಮಾಡಿದ್ಲು?"

ತಪ್ಪು ನನ್ನದು ಅಂತ ತಾಯಿಗೂ ಹೇಳಿರಲಿಲ್ಲ.

ಹೇಳಿದೆ. ನಾನು ಮಾಡಿದ್ದು, ಅವಳ ಹೆಸರಿನಲ್ಲಿ ಮಾಡಿದ್ದು, ಒಂಬತ್ತು ದಿನ ಬಚ್ಚಿಟ್ಟದ್ದು. ಪೂರ್ತಿ ಹೇಳಿದೆ.

ಆಕೆ ಎದ್ದು ನನ್ನ ಮುಂದಿನ ಲೋಟ ತೆಗೆದುಕೊಂಡರು. ಅರ್ಧ ಕಾಫಿ ಇನ್ನೂ ಇತ್ತು. "ಬಸ್ಸಿಗ್ ಒತ್ತಾಯ್ತು. ಎದ್ದೇಳಿ" ಅಂದರು.

ಎದ್ದೆ. ಚಪ್ಪಲಿ ಮೆಟ್ಟುವಾಗ ತಿರುಗಿದೆ. ಮೇಘಶ್ರೀ ಬಾಗಿಲಲ್ಲಿ ನಿಂತು ಮೊದಲ ಸಲ ನನ್ನನ್ನು ನೇರವಾಗಿ ನೋಡುತ್ತಿದ್ದಳು. ತಿರಸ್ಕಾರದಿಂದ ನೋಡಿದಳು ಅಂತ ಬರೆಯಲು ಪೆನ್ನು ಹಿಡಿದೆ. ತಿರಸ್ಕಾರ ಹೇಗಿರುತ್ತದೆ ಅಂತ ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಅದಲ್ಲ. ಅವಳ ಕಣ್ಣಲ್ಲಿ ಇದ್ದದ್ದು ಮೂವತ್ತನಾಲ್ಕು ಸಲ ಬರೆದಿಟ್ಟು ಒಮ್ಮೆಯೂ ಕೇಳದ ಆ ಪ್ರಶ್ನೆ.