ಅಕ್ಕನ ಕಸದ ಬುಟ್ಟಿ

ಮಾರ್ಚ್ 3, ಸೋಮವಾರ

ಆಫೀಸಿನ ಕಂಪ್ಯೂಟರ್ ವೈದ್ಯನಾದ ನನಗೆ ಬೆಳಗಿನ ಮೊದಲ ರೋಗಿ — ಲೆಕ್ಕಪತ್ರದ ಗುಮಾಸ್ತರ ಕ್ಯಾಲೆಂಡರ್. ಮೀಟಿಂಗುಗಳನ್ನೆಲ್ಲ ಎರಡು ಗಂಟೆ ತಡವಾಗಿ ತೋರಿಸುತ್ತಿತ್ತು. ಕಂಪ್ಯೂಟರಿನ ಟೈಮ್ ಝೋನ್ ಸಮುದ್ರದಾಚೆ ಹೋಗಿ ಕೂತಿತ್ತು. ಕರೆತಂದೆ.

"ಹಾಗೇ ಬಿಟ್ಟಿದ್ರೆ ಚೆನ್ನಾಗಿತ್ತು ಕಣ್ರೀ. ಎಲ್ಲ ಮುಗಿದ ಮೇಲೆ ಹೋಗಬಹುದಿತ್ತು."

ಉಪಕಾರಕ್ಕೆ ಸಿಕ್ಕ ಬಹುಮಾನ.

ಮಧ್ಯಾಹ್ನ ಖರೀದಿ ವಿಭಾಗ. ಅಲ್ಲಿಯ ಅಕ್ಕ ಮಗಳ ಬಾಣಂತನಕ್ಕೆಂದು ರಜೆ. ಪರದೆಗೆ ಚೀಟಿ ಅಂಟಿಸಿ ಹೋಗಿದ್ದಾರೆ: 'ಮೇಲ್ ಬರ್ತಿಲ್ಲ, ಹೋಗ್ತಿಲ್ಲ. ನೋಡು ತಮ್ಮಾ.' ಮೇಲ್‌ಬಾಕ್ಸಿಗೆ ಮಲಬದ್ಧತೆ. ಡಿಲೀಟ್ ಮಾಡಿದ ಮೇಲ್‌ಗಳ ಬುಟ್ಟಿಯಲ್ಲಿ ವರ್ಷಗಟ್ಟಲೆಯ ಕಸ. ಖಾಲಿ ಮಾಡಿದೆ. ಇನ್ನು ಮುಂದೆ ಮೇಲ್ ಮುಚ್ಚಿದಾಗಲೆಲ್ಲ ತಾನೇ ಖಾಲಿಯಾಗುವಂತೆ ಸೆಟ್ಟಿಂಗೂ ಹಾಕಿದೆ. ಕಸ ಗುಡಿಸಲು ಯಾರನ್ನು ಕೇಳುವುದು.

ಮಾರ್ಚ್ 11

ಸಭಾಂಗಣಕ್ಕೆ ಹೊಸ ಕುರ್ಚಿ ಬಂದವು. ಅಷ್ಟೂ ಕುಳ್ಳು. ಕೂತು ನೋಡಿದೆ — ಮೊಣಕಾಲು ಗಲ್ಲಕ್ಕೆ. ಶಿಶುವಿಹಾರದ ಅಳತೆಯವಂತೆ.

ಮ್ಯಾನೇಜರ್ ಅಂದದ್ದು: "ನಾನು ನೋಡೇ ಇಲ್ಲ. ಆಕೆ ತಾನೇ ಆರ್ಡರ್ ಮಾಡಿದ್ದು."

ಆಕೆ ಎಂದರೆ ಅಕ್ಕ. ರಜೆಯಲ್ಲಿರುವವರಿಗಿಂತ ಅನುಕೂಲದ ಅಪರಾಧಿ ಎಲ್ಲಿ ಸಿಗುತ್ತಾರೆ. ವಿಚಾರಣೆಗೆ ಸಮಿತಿ ನೇಮಿಸಿದ್ದಾರೆ.

ಮಾರ್ಚ್ 26, ಬುಧವಾರ

ಅಕ್ಕ ರಜೆ ಮುಗಿಸಿ ಬಂದರು. ನೇರ ನನ್ನ ಮೇಜಿಗೆ.

"ತಮ್ಮಾ, ನನ್ನ ಮೇಲ್‌ಗಳೆಲ್ಲ ಎಲ್ಲಿ?"

"ಯಾವ ಮೇಲ್ ಅಕ್ಕಾ?"

"ಬುಟ್ಟೀಲಿ ಇಟ್ಟಿದ್ನಲ್ಲ, ಅದು."

"ಬುಟ್ಟಿ ಇರೋದು ಎಸೆಯೋಕಲ್ವಾ?"

"ಮುಗಿದಿದ್ದನ್ನೆಲ್ಲ ಅಲ್ಲೇ ಇಡೋದು ನಾನು. ಡಿಲೀಟ್ ಒತ್ತಿದ್ರೆ ತಾನೇ ಹೋಗಿ ಕೂತ್ಕೊಳ್ಳುತ್ತೆ. ಫೋಲ್ಡರ್ ಮಾಡಿ ಎಳೆದಾಡೋಕೆ ಯಾರಿಗಪ್ಪಾ ಪುರುಸೊತ್ತು?"

ಕುರ್ಚಿಯ ಚಿತ್ರ ನೋಡಿ, 'ಇದೇ ಮಾಡೆಲ್ ತರಿಸಿ' ಎಂದು ಮ್ಯಾನೇಜರ್ ಕಳಿಸಿದ ಮೇಲ್ ಅದರಲ್ಲೇ ಇತ್ತಂತೆ. ಶುಕ್ರವಾರ ಸಮಿತಿಯ ಮುಂದೆ ತೋರಿಸದಿದ್ದರೆ ಅಕ್ಕನ ಕೆಲಸಕ್ಕೇ ಸಂಚಕಾರ.

ಬೈಯಲಿಲ್ಲ. "ಮಗು ಅಮ್ಮನ ಥರಾನೇ ಇದೆ, ನಿದ್ದೆ ಜಾಸ್ತಿ" ಅಂದು ಹೋದರು. ಬೈದಿದ್ದರೆ ಹಗುರಾಗುತ್ತಿತ್ತು.

ಮಾರ್ಚ್ 27

ಡಿಲೀಟ್ ಆದದ್ದನ್ನು ಮರಳಿ ತರುವ ಕಿಟಕಿ ತೆರೆದೆ. ಬೋಳು. ಸರ್ವರ್ ಎರಡು ವಾರ ಕಾಯುತ್ತದೆ, ಆಮೇಲೆ ಕೈ ತೊಳೆದುಕೊಳ್ಳುತ್ತದೆ. ಅಕ್ಕನ ಕಂಪ್ಯೂಟರಿನಲ್ಲಿದ್ದ ಪ್ರತಿಯೂ ಸರ್ವರನ್ನು ನೋಡಿ ಖಾಲಿಯಾಗಿದೆ — ಅತ್ತೆಯನ್ನು ನೋಡಿ ಸೊಸೆ ಕಲಿತಂತೆ. ರಿಪೇರಿ ಟೂಲ್ ಓಡಿಸಿದೆ. ಊಟದ ಹೊತ್ತೆಲ್ಲ ಗುರುಗುಟ್ಟಿ, 'ಯಾವ ದೋಷವೂ ಇಲ್ಲ' ಎಂದಿತು. ಆ ಆತ್ಮವಿಶ್ವಾಸ ನನಗಿರಬೇಕಿತ್ತು.

ಉಳಿದದ್ದು ಒಂದೇ — ಕಳಿಸಿದವರ ಕಂಪ್ಯೂಟರ್. ಅವರ ಅನುಮತಿ ಇಲ್ಲದೆ ಮುಟ್ಟುವಂತಿಲ್ಲ. ಕೇಳಿದೆ.

"ಅಂಥ ಮೇಲ್ ಕಳಿಸೇ ಇಲ್ಲ ಅಂದ ಮೇಲೆ ಹುಡುಕೋದೇನ್ರೀ?" ಮ್ಯಾನೇಜರ್ ಕತ್ತೆತ್ತಲಿಲ್ಲ.

ಮನೆಗೆ ಬಂದೆ. ಅಮ್ಮ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಡು ಎಂದಳು. ಮಾಡಿಕೊಟ್ಟೆ. ಇವತ್ತು ನೆಟ್ಟಗಾದ ಕೆಲಸ ಅದೊಂದೇ.

ಮಾರ್ಚ್ 28, ಶುಕ್ರವಾರ, ಬೆಳಿಗ್ಗೆ

ಮ್ಯಾನೇಜರ್ ಕರೆಸಿದರು. ಬಾಗಿಲು ಹಾಕಿಸಿದರು.

"ಸುಮ್ನೆ ತಿಳ್ಕೊಳ್ಳೋಕೆ ಕೇಳ್ತೀನಿ. ಯಾವಾಗಲೋ ಕಳಿಸಿದ ಮೇಲ್ ವಾಪಸ್ ತಗೋಬಹುದಾ?"

"ರೀಕಾಲ್ ಅಂತ ಬಟನ್ ಇದೆ ಸಾರ್."

ಎಲ್ಲಿದೆ ಎಂದು ತೋರಿಸಿದೆ. "ಆದರೆ ಸಾರ್, ಅದು —" ಅಂದೆ.

"ಸಾಕು ಸಾಕು. ಅಷ್ಟು ನನಗೂ ಗೊತ್ತಾಗುತ್ತೆ."

ಹಿರಿಯರ ಮಾತಿಗೆ ಎದುರಾಡಬಾರದು. ಎದ್ದು ಬಂದೆ.

ಅದೇ ದಿನ, 11 ಗಂಟೆ

ಅಕ್ಕ ಕರೆದರು. ಇನ್‌ಬಾಕ್ಸಿನಲ್ಲಿ ಮ್ಯಾನೇಜರ್ ಕಡೆಯಿಂದ ಹೊಸದೊಂದು ಬಂದಿದೆ: 'ಕುರ್ಚಿ — ಇದೇ ಮಾಡೆಲ್ ತರಿಸಿ' ಎಂಬ ಸಂದೇಶವನ್ನು ಕಳಿಸಿದವರು ಹಿಂಪಡೆಯಲು ಬಯಸುತ್ತಾರೆ. ಕೆಳಗೆ ಹಳೆಯ ಮೇಲ್‌ನ ತಾರೀಖು.

ಆ ಬಟನ್ನಿನ ಸ್ವಭಾವವೇ ಅಷ್ಟು. ಇನ್ನೂ ಓದದ ಮೇಲ್ ಸಿಕ್ಕರೆ ಸದ್ದಿಲ್ಲದೆ ಎತ್ತಿಕೊಂಡು ಹೋಗುತ್ತದೆ. ಸಿಗದಿದ್ದರೆ ಏನನ್ನು ಹುಡುಕಿಕೊಂಡು ಬಂದಿದ್ದೆ ಎಂದು ಡಂಗುರ ಸಾರಿ ಹೋಗುತ್ತದೆ.

ಅಕ್ಕ ಕನ್ನಡಕ ಒರೆಸಿ ಮತ್ತೆ ಓದಿದರು.

"ಕಳಿಸೇ ಇಲ್ಲ ಅಂದ್ರಲ್ಲ ಮಹಾನುಭಾವರು. ಮತ್ತೆ ವಾಪಸ್ ಕೇಳ್ತಿರೋದು ಏನನ್ನ?"

ಪ್ರಿಂಟ್ ಕೊಟ್ಟೆ. ನಮ್ಮ ಪ್ರಿಂಟರ್ ಒಂದೇ ಏಟಿಗೆ ಕೆಲಸ ಮಾಡಿತು — ಇತಿಹಾಸದಲ್ಲೇ ಮೊದಲ ಸಲ. ಹಾಳೆ ಇನ್ನೂ ಬೆಚ್ಚಗಿತ್ತು. ಅಕ್ಕ ಅದನ್ನು ಮಡಿಸಲಿಲ್ಲ, ಮುಚ್ಚಿಡಲಿಲ್ಲ. ಎಲ್ಲರಿಗೂ ಕಾಣುವಂತೆ ಹಿಡಿದುಕೊಂಡೇ ಸಮಿತಿಯ ಕೋಣೆಗೆ ನಡೆದರು.

ಮಧ್ಯಾಹ್ನ

ಊಟದ ಡಬ್ಬಿ ತೆರೆಯುವಷ್ಟರಲ್ಲಿ ಫೋನ್. ಮ್ಯಾನೇಜರ್. ಪಿಸುದನಿ.

"ಆ ರೀಕಾಲ್ ಮಾಡಿದ್ದನ್ನ ರೀಕಾಲ್ ಮಾಡೋಕೆ ಬರುತ್ತಾ?"

"ನೋಡಬೇಕು ಸಾರ್. ಎಲ್ಲಿದ್ದೀರಾ ಈಗ?"

"ಸಮಿತಿ ಬಾಗಿಲಲ್ಲಿ. ಒಳಗಿಂದ ಕರೀತಿದ್ದಾರೆ."

"ಹಾಗಾದ್ರೆ ಮೊದಲು ಒಂದ್ಸಲ ಫೋನ್ ಆಫ್ ಮಾಡಿ, ಹತ್ತು ಎಣಿಸಿ, ಆಮೇಲೆ ನಿಧಾನಕ್ಕೆ ಒಳಗೆ —"