ಬ್ಯಾಂಡೇಡ್ ಡಬ್ಬಿ ನನ್ನ ಚೀಲದಲ್ಲಿದೆ

ಆರ್ಲಿನ್,

ಚರ್ಚಿನ ಅಡುಗೆಮನೆಗೆ ಹೊರಟೆ, ಸೇಬು ಹೆಚ್ಚುವುದಿದೆ. ಸೂಪ್ ಒಲೆಯ ಮೇಲಿದೆ. ಕೊಟ್ಟಿಗೆಯ ಬೂಟು ಹೊರಗೇ ಬಿಟ್ಟು ಒಳಗೆ ಬಾ.

ನಾಲ್ಕು ಗಂಟೆಗೆ ಔಷಧಿ ಅಂಗಡಿಯಲ್ಲಿ ಫ್ಲೂ ಇಂಜೆಕ್ಷನ್. ಹೆಸರು ಬರೆಸಿದ್ದೇನೆ. ಜಿಂಕೆ ಬೇಟೆಯ ನೆಪ ಹೇಳಬೇಡ, ಅದು ಶುರುವಾಗುವುದು ಮುಂದಿನ ತಿಂಗಳು. ಕತ್ತಿನಿಂದ ಕಾಲಿನವರೆಗಿನ ಆ ಉಣ್ಣೆಯ ಒಳಉಡುಪೂ ಇವತ್ತು ಬೇಡ. ತೋಳು ತೋರಿಸಬೇಕೆಂದರೆ ಶಾಂಪೂ ಕಪಾಟಿನ ಮುಂದೆ ಪೂರ್ತಿ ಬಿಚ್ಚಬೇಕಾಗುತ್ತದೆ. ಅರ್ಧ ತೋಳಿನ ಅಂಗಿ ಕುರ್ಚಿಯ ಮೇಲಿಟ್ಟಿದ್ದೇನೆ.

ಹೋದ ವರ್ಷ "ಆಯ್ತು ಕಣೇ, ಇರುವೆ ಕಚ್ಚಿದ ಹಾಗಿತ್ತು ಅಷ್ಟೆ" ಎಂದು ನೀನು ಬ್ಯಾಂಡೇಡ್ ತೋರಿಸಿದೆ. ಸಂಜೆ ಎಡತೋಳಿನಲ್ಲಿದ್ದದ್ದು ಮರುದಿನ ತಿಂಡಿಯ ಹೊತ್ತಿಗೆ ಬಲತೋಳಿಗೆ ಬಂದಿತ್ತು. ನಾನು ಕಂಡೂ ಕಾಣದವಳಂತೆ ನಿನಗೆ ಕಾಫಿ ಬಗ್ಗಿಸಿದೆ.

ಒಂದೇ ಬೆಳಗ್ಗೆ ನಲವತ್ತು ಹಸುಗಳಿಗೆ ಸೂಜಿ ಚುಚ್ಚುವ ಗಂಡಸು ನೀನು. "ಸುಮ್ನೆ ನಿಂತ್ಕೊಳ್ಳೇ, ಏನೂ ಆಗಲ್ಲ" ಎಂದು ಅವುಗಳಿಗೆ ಗದರುತ್ತೀಯಲ್ಲ, ಇವತ್ತು ಅದನ್ನೇ ನಿನಗೂ ಹೇಳಿಕೋ ಮಾರಾಯ.

ಮಗಳು ಕ್ರಿಸ್ಟಾ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಾಳೆ: "ಇಂಜೆಕ್ಷನ್ ತಗೊಳ್ದೆ ಇರೋರು ಪಾಪೂನ ಕಿಟಕಿಯಿಂದ್ಲೇ ನೋಡ್ಕೊಂಡು ಹೋಗ್ಲಿ." ಮೊಮ್ಮಗು ಹುಟ್ಟಿ ಎಂಟು ದಿನವಾಯಿತು. ಮೂಗು ಥೇಟ್ ನಿನ್ನದೇ ಅಂತೆ. ಗಾಜಿನಾಚೆ ನಿಂತು ನನಗಂತೂ ಸರಿಯಾಗಿ ಕಾಣಲಿಲ್ಲ.

ಬ್ಯಾಂಡೇಡ್ ಹುಡುಕಬೇಡ, ಡಬ್ಬಿ ನನ್ನ ಜೊತೆ ಒಯ್ಯುತ್ತಿದ್ದೇನೆ. ಹೋದ ವರ್ಷ ಅದರಿಂದ ಹೋದದ್ದು ಎರಡು, ಆರ್ಲಿನ್. ಒಂದು ನೀನು ತೆಗೆದದ್ದು, ಇನ್ನೊಂದು ನಾನು.

ನಾಲ್ಕಕ್ಕೆ ಸರಿಯಾಗಿ ಬಾ. ನನ್ನ ಕೈ ಹಿಡಿದುಕೊಳ್ಳಲು ಅಲ್ಲಿ ಬೇರೆ ಯಾರಿದ್ದಾರೆ?

ಲವೊನ್