ಅವ್ವನ ಹಿಡಿ ಅಕ್ಕಿ

೧೭ ಜೂನ್ ೧೯೫೬, ಭಾನುವಾರ. ರಾಜಾಜಿನಗರ.

ಬೆಳಿಗ್ಗೆ ಚರ್ಚಿಗೆ ಹಿಡಿ ಅಕ್ಕಿ ಕಾಣಿಕೆ ಕೊಟ್ಟಾಗಿನಿಂದ ಮನಸ್ಸು ಸರಿಯಿಲ್ಲ. ದಿನಕ್ಕೊಂದು ಹಿಡಿಯಂತೆ ತೆಗೆದಿಡಬೇಕಾದ್ದು. ನಾನು ವಾರವೆಲ್ಲ ಮರೆತು, ಹೊರಡುವಾಗ ಒಂದೇ ಸಲ ಗಡಿಗೆ ತುಂಬಿಸಿದೆ. ಪಾದ್ರಿ ಅಯ್ಯನವರ ಹೆಂಡತಿ ಸುಗುಣಮ್ಮನವರು, "ನೀವು ಒಂದು ವಾರಾನೂ ತಪ್ಪಿಸಲ್ಲ ಕಣಮ್ಮ" ಅಂದರು. ಸುಮ್ಮನೆ ನಕ್ಕೆ. ಅದೂ ಸುಳ್ಳೇ ಆಯಿತೇನೋ.

ಕೆಂಗೇರಿಯಲ್ಲಿ ಅವ್ವ ಎಸರಿಟ್ಟಾಗೆಲ್ಲ ಒಂದು ಹಿಡಿ ತೆಗೆದು, ಕಣ್ಮುಚ್ಚಿ ಕರ್ತನ ಹತ್ತಿರ ಮಾತಾಡೋಳು. "ವಾರದ್ದೆಲ್ಲ ಒಟ್ಟಿಗೆ ಹಾಕಿಬಿಡವ್ವ, ಹಸಿವಾಗ್ತಿದೆ" ಅಂತ ನಾನು ಗೊಣಗಿದ್ದೆ.

"ಅಕ್ಕಿ ಒಟ್ಟಿಗೆ ಹಾಕಬಹುದು ಕಣೇ. ದಿನಾ ಮಾತಾಡದಿದ್ರೆ ಅವನೂ ಅಪರೂಪಕ್ಕೆ ಬರೋ ನೆಂಟ ಆಗಿಬಿಡ್ತಾನೆ" ಅಂದಿದ್ದಳು.

ಸಂಜೆ ಅಡಿಗೆಗೆ ಮುಂಚೆ ಒಂದು ಹಿಡಿ ತೆಗೆದು ಕಣ್ಮುಚ್ಚಿದೆ. ಏನೂ ತೋಚಲಿಲ್ಲ. "ಕೆಂಗೇರಿ ದೇವಮ್ಮನ ಮಗಳು" ಅಂತ ಹೊಸಬಳ ಹಾಗೆ ಹೆಸರು ಹೇಳಿಕೊಂಡೆ. ಆಮೇಲೆ ಅಳು ಬಂತು. ಎಸರು ಉಕ್ಕಿದರೂ ಕೈಯಲ್ಲಿ ಅಕ್ಕಿ ಹಾಗೇ ಇತ್ತು.